ಜೇವರ್ಗಿಯಲ್ಲಿ ಇಳಿದ ತಂತಿ

ಆಳಂದ ಬಸ್ ಸ್ಟ್ಯಾಂಡಿನ ಎದುರಿಗೆ ಫಯಾಜನ ಮೊಬೈಲ್ ಅಂಗಡಿ. ಆ ಸೋಮವಾರ ಅವನು ಶಟರ್ ಎತ್ತಿ ಕಸ ಹೊಡೆಯುವುದರೊಳಗೆ ಗುರಮ್ಮ ಬಂದು ಸ್ಟೂಲಿನ ಮೇಲೆ ಕೂತುಬಿಟ್ಟಿದ್ದಳು. ನರೋಣಾದಿಂದ ಮೊದಲ ಬಸ್ಸಿಗೆ ಬಂದವಳು. ಅರವತ್ತಾರರ ಹೆಂಗಸು, ಹಣೆಯಲ್ಲಿ ವಿಭೂತಿ, ಮೂಗಿನ ತುದಿಯಲ್ಲಿ ಸಿಟ್ಟು. ವಿಭೂತಿಯನ್ನಾದರೂ ಒಮ್ಮೊಮ್ಮೆ ಮರೆತಾಳು, ಸಿಟ್ಟು ಮರೆತು ಮನೆ ಬಿಟ್ಟವಳಲ್ಲ.

"ಕಿವ್ಯಾಗ ಹಾಕ್ಕೊಂಡು ಹಾಡು ಕೇಳೂದು ಬೇಕು ತಮ್ಮಾ. ಹೊರಗಿನ ಸಪ್ಪಳ ಒಳಗ ಬರಬಾರ್ದು. ಮತ್ತ ಬಾಯಿಗೆ ಬಂದಂಗ ರೇಟ್ ಹೇಳಬ್ಯಾಡ."

"ಯಾರಿಗ್ರಿ ಆಯಿ? ಮೊಮ್ಮಗಳಿಗೇನ್ರಿ?"

"ಯಾಕ, ನನಗ ಕಿವಿ ಇಲ್ಲೇನು?"

ಫಯಾಜ ಕಸಬರಿಗೆಯನ್ನು ಮೂಲೆಗಿಟ್ಟು ಗಲ್ಲಾದ ಹಿಂದೆ ಹೋಗಿ ನಿಂತ. ಈ ಗಿರಾಕಿಯ ಜೊತೆ ಚೇಷ್ಟೆ ನಡೆಯುವುದಿಲ್ಲ ಎಂದು ಅವನಿಗೆ ಗೊತ್ತಾಗಿತ್ತು. ಹೋದ ವಾರ ಹಳೆಯ ಕ್ಯಾಸೆಟ್ಟೊಂದನ್ನು ತಂದುಕೊಟ್ಟು, ಅದರ ಹಾಡನ್ನು ಮೆಮೊರಿ ಕಾರ್ಡಿಗೆ ಇಳಿಸಿಕೊಂಡು ಹೋದವಳೂ ಈಕೆಯೇ. ಇಳಿಸುವಷ್ಟು ಹೊತ್ತೂ ಮೇಲೆ ನಿಂತು, "ಟೇಪ್ ಹರದೀ, ಹುಷಾರ್" ಎಂದು ಹತ್ತು ಸಲ ಹೇಳಿದ್ದಳು.

ಆ ಹಾಡನ್ನು ಸೊಸೆ ವಿದ್ಯಾವತಿಯ ಹಳೇ ಫೋನಿಗೆ ಹಾಕಿಕೊಂಡು ಬಸ್ಸಿನಲ್ಲಿ ಜೋರಾಗಿ ಹಚ್ಚಿದ್ದೇ ತಡ, ಕಂಡಕ್ಟರ್ ಬಂದಿದ್ದ. "ಆಯಿ, ಬಂದ್ ಮಾಡ್ರಿ. ಬಸ್ಸಿನ್ಯಾಗ ಹಿಂಗ ಹಚ್ಚಂಗಿಲ್ಲ, ರೂಲ್ ಅದ. ಕೇಳೂದಿದ್ರ ಕಿವ್ಯಾಗ ಹಾಕ್ಕೊಂಡು ಕೇಳ್ರಿ." "ಇದು ನನ್ನ ಹಾಡು. ಇದನ್ನ ಕೇಳಾಕ ಜೇವರ್ಗಿ ಮಂದಿ ಗಿಡ ಹತ್ತಿ ಕೂತಿದ್ರು, ಗೊತ್ತದ ಏನು?" ಎಂದು ಗುರಮ್ಮ ಕೇಳಿದಳು. ಕಂಡಕ್ಟರನಿಗೆ ಗೊತ್ತಿರಲಿಲ್ಲ. ಟಿಕೆಟ್ ಹರಿದುಕೊಟ್ಟು ಮುಂದಿನ ಸೀಟಿಗೆ ಹೋದ.

ಅವಳು ಹೇಳಿದ್ದು ಸುಳ್ಳಲ್ಲ. ಗೀಗೀ ಪದದಲ್ಲಿ ಎರಡು ಮೇಳ ಎದುರುಬದುರು ನಿಂತು ಹಾಡಿನಲ್ಲೇ ವಾದ ಹಾಕುತ್ತವೆ. ಗಂಡು ಹೆಚ್ಚು ಅನ್ನುವುದು ಹರದೇಶಿ ಮೇಳ, ಹೆಣ್ಣು ಹೆಚ್ಚು ಅನ್ನುವುದು ನಾಗೇಶಿ. ಗುರಮ್ಮ ನಾಗೇಶಿಯ ಮುಂದಾಳು, ದಪ್ಪು ಎಂಬ ಚರ್ಮವಾದ್ಯ ಅವಳ ಕೈಯಲ್ಲಿ. ಬೆನ್ನಿಗೆ ತುಳಸಾಬಾಯಿ, ಸಾಲು ಮುಗಿದಲ್ಲಿ "ಜೀ ಜೀ" ಎಂದು ದನಿ ಹಿಡಿಯುವ ಹಿಮ್ಮೇಳದವಳು. ಅವಳ ಪಕ್ಕದಲ್ಲಿ ತುಂತುಣಿ ಮೀಟುವ ಮಾಳಿಂಗಪ್ಪ. ತುಂತುಣಿಗೆ ಇರುವುದು ಒಂದೇ ತಂತಿ, ಆ ತಂತಿ ನಿಂತಲ್ಲೇ ಎಲ್ಲರೂ ನಿಲ್ಲಬೇಕು. ಹದಿನೆಂಟು ವರ್ಷ ಈ ಮೂವರು ಭೀಮಾ ನದಿಯ ಆಚೆ ಈಚೆ ಹಾಡದ ಊರಿಲ್ಲ.

ಗುರಮ್ಮನದೊಂದು ರೀತಿಯಿತ್ತು. ದಪ್ಪನ್ನು ಎಲ್ಲರ ಹಾಗೆ ಎದೆಯ ಹತ್ತಿರ ಹಿಡಿಯದೆ ಎಡಗಿವಿಯ ಮಟ್ಟಕ್ಕೆ ಎತ್ತಿ ಹಿಡಿದು ಬಾರಿಸುತ್ತಿದ್ದಳು. ನೋಡಲಿಕ್ಕೆ ಏನು ಠೀವಿ! ಆದರೆ ಆ ಕಿವಿಯೊಳಗೆ ದಪ್ಪಿನ ಹೊಡೆತ ಬಿಟ್ಟರೆ ಬೇರೇನೂ ಹೋಗುತ್ತಿರಲಿಲ್ಲ. ತುಳಸಾಬಾಯಿಯೂ ಮಾಳಿಂಗಪ್ಪನೂ ನಿಲ್ಲುತ್ತಿದ್ದದ್ದು ಅದೇ ಎಡಗಡೆಗೆ. ಅಷ್ಟು ವರ್ಷ ಬೆನ್ನಿಗೆ ನಿಂತವರನ್ನು ಅವಳು ಕೇಳಿಸಿಕೊಂಡದ್ದು ಅಷ್ಟಕ್ಕಷ್ಟೇ.

ಇಪ್ಪತ್ತೆರಡು ವರ್ಷದ ಹಿಂದೆ ಜೇವರ್ಗಿಯಲ್ಲಿ ದೊಡ್ಡ ಸವಾಲು ನಡೆಯಿತು. ಮುಂಜಾನೆ ಶುರುವಾದದ್ದು ಮಧ್ಯಾಹ್ನ ದಾಟಿತು. ಕೊನೆಗೆ ಪಂಚರು ಕೈಯೆತ್ತಿ, "ನಾಗೇಶಿ ಮೇಳದ ಸೂರು ಇಳೀತು" ಎಂದರು. ಮೇಳದವರಲ್ಲಿ ಒಂದು ಕಟ್ಟಳೆ ಇತ್ತು. ಮುಂದಾಳು ಸೂರು, ಅಂದರೆ ಶ್ರುತಿ, ಬಿಟ್ಟರೆ ಅವಳ ದಪ್ಪಿನ ಗೊಂಡೆ ಬಿಚ್ಚಬೇಕು, ಒಂದು ವರ್ಷ ಅವಳು ದಪ್ಪು ಮುಟ್ಟುವಂತಿಲ್ಲ. ಹಾಡುವ ಮೊದಲು ತಂತಿ ನೋಡಿಕೊಳ್ಳುವುದು ಹಿಮ್ಮೇಳದವಳ ಕೆಲಸ. ತಂತಿ ಸಡಿಲಾಗಿದ್ದರೆ ಅದು ಅವಳ ತಪ್ಪು, ಸವಾಲು ಸೋತರೂ ಗೊಂಡೆ ಉಳಿಯುತ್ತದೆ. ತುಂತುಣಿ ತರಿಸಿ ನೋಡಿದರು. ತಂತಿ ಸಡಿಲಾಗಿತ್ತು. ತುಳಸಾಬಾಯಿ ಮುಂದೆ ಬಂದು ಕೈಮುಗಿದು, "ತಂತಿ ನಾ ನೋಡ್ಲಿಲ್ರಿ. ತಪ್ಪು ನಂದು" ಎಂದಳು.

ಗೊಂಡೆ ಉಳಿಯಿತು. ಆದರೆ ಸೋತ ಸಿಟ್ಟು ಗುರಮ್ಮನ ನೆತ್ತಿಗೇರಿತ್ತು. ಅಷ್ಟು ಮಂದಿಯ ನಡುವೆ ಕೂಗಿದಳು. "ಕುಣಿಯಾಕ ಬರಲಾರದಾಕಿ ನೆಲ ಡೊಂಕು ಅಂದ್ಲಂತ! ಒಂದು ತಂತಿ ಕಾಯೂ ಯೋಗ್ಯತಾ ಇಲ್ಲ, ನನ್ನ ಬೆನ್ನಿಗೆ ಯಾಕ ನಿಂತಿ? ನಡಿ ನಿನ್ನ ಊರಿಗೆ!"

ತುಳಸಾಬಾಯಿ ಒಂದು ಮಾತೂ ಆಡದೆ ಗಂಟು ಎತ್ತಿಕೊಂಡು ತವರೂರು ಗಾಣಗಾಪುರದ ಬಸ್ಸು ಹತ್ತಿದಳು. ಅದೇ ಗುರಮ್ಮನನ್ನು ಇಷ್ಟು ವರ್ಷ ಚುಚ್ಚಿದ್ದು. ಪಂಚರ ಮುಂದೆ ತಪ್ಪು ಒಪ್ಪಿಕೊಂಡವಳು ನನ್ನ ಮುಂದೆ ಯಾಕೆ ಒಪ್ಪಿಕೊಳ್ಳಲಿಲ್ಲ? "'ತಪ್ಪಾತಕ್ಕಾ' ಅಂತ ಒಂದ ಮಾತು ನನ್ನ ಮುಂದ ಅನ್ಲಿ, ಆಮ್ಯಾಲೆ ನೋಡೋಣು" ಎಂದು ಕೇಳಿದವರಿಗೆಲ್ಲ ಹೇಳುತ್ತಿದ್ದಳು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು.

ಈಗ ತುಳಸಾಬಾಯಿಯ ಮಗಳು ನೀತಾ ಫೋನು ಮಾಡಿದ್ದಳು. "ದೊಡ್ಡವ್ವಾ, ಅವ್ವಗ ದಮ್ಮು ಭಾಳ ಆಗೇದ್ರಿ. ಡಾಕ್ಟರು ಏನೂ ಹೇಳವಲ್ರು. ನಿಮ್ಮ ಹೆಸರು ತೆಗಿಯಾಕತ್ತಾಳ. ಒಮ್ಮೆ ಬಂದು ಹೋಗ್ರಿ." ಹೋಗಲೇಬೇಕು ಎಂದು ಗುರಮ್ಮನಿಗೂ ಅನಿಸಿತು. ಆದರೆ ಬರಿಗೈಯಲ್ಲಿ ಹೋಗುವವಳಲ್ಲ. ಚಳಿಗಾಲದಲ್ಲಿ ತೀರಿಕೊಂಡ ಮಾಳಿಂಗಪ್ಪನ ಟ್ರಂಕಿನಲ್ಲಿ ಜೇವರ್ಗಿ ಸವಾಲಿನ ಕ್ಯಾಸೆಟ್ ಸಿಕ್ಕಿತ್ತು, ಅವನ ಹೆಂಡತಿ ತಂದುಕೊಟ್ಟಿದ್ದಳು. ಆ ದಿನ ಟೇಪ್ ರೆಕಾರ್ಡರನ್ನು ಅವನು ತನ್ನ ಕಾಲ ಬುಡದಲ್ಲೇ ಇಟ್ಟುಕೊಂಡಿದ್ದನಂತೆ. ತಂತಿ ಎಲ್ಲಿ ಇಳಿಯಿತು ಎಂಬುದನ್ನು ತುಳಸಾಬಾಯಿಗೆ ಕೇಳಿಸಬೇಕು, ಅವಳ ಬಾಯಿಂದ ಆ ಒಂದು ಮಾತು ಬರಬೇಕು, ಆಮೇಲೆ ಪಕ್ಕದಲ್ಲಿ ಕೂತು ಕೈ ಹಿಡಿದುಕೊಳ್ಳಬೇಕು. ಗುರಮ್ಮನ ಲೆಕ್ಕ ಇಷ್ಟು. ಆದರೆ ಫೋನಿನ ಸ್ಪೀಕರಿನಲ್ಲಿ ತಂತಿಯೂ ಕೇಳುತ್ತಿರಲಿಲ್ಲ, ತುಳಸಾಬಾಯಿಯೂ ಕೇಳುತ್ತಿರಲಿಲ್ಲ. ಬರೀ ಗರಗರ.

ಫಯಾಜ ಫೋನನ್ನು ತಿರುಗಿಸಿ ನೋಡಿದ. "ಹಳೇ ಫೋನ್ ಆದ್ರೂ ಚಲೋ ಆತ್ರಿ, ವೈರ್ ಹಾಕೂ ತೂತು ಅದ. ಈಗಿನ ಫೋನಿಗೆ ಅದೂ ಇಲ್ಲ." ಮೊದಲು ಕೆಂಪು ವೈರಿನದೊಂದು ತೆಗೆದ. "ಇದು ನಮ್ಮಲ್ಲಿ ಭಾಳ ಹೋಗ್ತದ್ರಿ. ನೂರಾ ಐವತ್ತು. ಬೇಸ್ ಜಬರದಸ್ತ್ ಅದ."

ಗುರಮ್ಮ ಹಾಕಿಕೊಂಡಳು. ದಪ್ಪು ಧಡ್ ಧಡ್ ಎಂದು ನೇರ ತಲೆಯೊಳಗೇ ಬಡಿಯಿತು. ಅವಳ ಮುಖ ಅರಳಿತು. "ಹಿಂಗ! ಅಗದೀ ಹಿಂಗ ಕೇಳತಿತ್ತು ನನಗ ಆವತ್ತು!" ಎಂದು ಅಂಗಡಿ ಹಾರಿಹೋಗುವಂತೆ ಕೂಗಿದಳು. ಕಿವಿ ಮುಚ್ಚಿಕೊಂಡವರು ಎಲ್ಲರನ್ನೂ ಕಿವುಡರೆಂದೇ ತಿಳಿಯುತ್ತಾರೆ. ಹೊರಗೆ ಚಹಾ ಕುಡಿಯುತ್ತಿದ್ದವರು ತಿರುಗಿ ನೋಡಿದರು. ಸ್ವಲ್ಪ ಹೊತ್ತಿಗೆ ಹುಬ್ಬು ಗಂಟಿಕ್ಕಿತು. "ಆದ್ರ ತಂತಿ ಎಲ್ಲದ? ಹಿಮ್ಮೇಳ ಎಲ್ಲದ? ನನಗ ಬೇಕಾಗಿದ್ದು ಅವು."

"ಹಂಗಾದ್ರ ಇದು ಬ್ಯಾಡ್ರಿ. ಬೇಸ್ ಉಳದದ್ದೆಲ್ಲಾ ನುಂಗ್ತದ."

ಎರಡನೆಯದಕ್ಕೆ ವೈರೇ ಇರಲಿಲ್ಲ. ಹುಣಸೆ ಬೀಜದಂಥ ಎರಡು ತುಂಡು, ಒಂದು ಡಬ್ಬಿ. ಗುರಮ್ಮ ಹಾಡು ಶುರುವಾದದ್ದೇ ತಾಳಕ್ಕೆ ತಲೆ ಹಾಕಿದಳು. ಎಡಗಿವಿಯದು ಹಾರಿ ಗಲ್ಲಾದ ಕೆಳಗೆ ಹೋಯಿತು. ಫಯಾಜ ಮೊಣಕಾಲೂರಿ ಅದನ್ನು ಹುಡುಕುವಾಗ ಮೇಲಿಂದ ವಿಚಾರಣೆ ನಡೆದಿತ್ತು. "ಇದಕ್ಕ ದಿನಾ ಚಾರ್ಜ್ ಮಾಡಬೇಕೇನು? ಕಿವೀಗೂ ಕರೆಂಟ್ ಕೊಡೂ ಕಾಲ ಬಂತೇನಪ್ಪಾ? ತೆಗಿ, ತೆಗಿ."

ಕೊನೆಗೆ ಅವನು ಮೇಲಿನ ಖಾನೆಯಿಂದ ಧೂಳು ಹಿಡಿದ ಪ್ಯಾಕೆಟ್ಟೊಂದನ್ನು ಇಳಿಸಿದ. ತೆಳ್ಳಗಿನ ಕರಿ ವೈರು, ನೋಡಲಿಕ್ಕೆ ಏನೂ ಚಂದವಿಲ್ಲ. "ಇದು ನಾಕುನೂರಾ ಐವತ್ರಿ. ಯಾರೂ ತಗೊಳ್ಳಂಗಿಲ್ಲ, ಬೇಸ್ ಕಡಿಮಿ ಅಂತಾರ. ಆದ್ರ ದನಿ ಸ್ವಚ್ಛ ಅದ. ಯಾವ ದನಿ ಎಲ್ಲದ ಅಂತ ಬ್ಯಾರೆ ಬ್ಯಾರೆ ಕೇಳ್ತದ." ಅದಕ್ಕೆ ಹಾಕುವ ರಬ್ಬರ್ ಟೋಪಿಗಳನ್ನು ಅಂಗೈಯಲ್ಲಿ ಸುರಿದುಕೊಂಡು ಒಂದೊಂದನ್ನೇ ಹಚ್ಚಿ ನೋಡಿದ. ಬಲಗಿವಿಗೆ ನಡುವಿನದು ಕೂತಿತು. ಎಡಗಿವಿಗೆ ಎಲ್ಲಕ್ಕಿಂತ ಸಣ್ಣದೇ ಬೇಕಾಯಿತು. "ಕಿವಿ ಮ್ಯಾಲ ಎಳೀರಿ, ಆಮ್ಯಾಲೆ ಒಳಗ ಒತ್ರಿ. ಸಡಲ ಕೂತ್ರ ಹೊರಗಿನ ಸಪ್ಪಳ ಬರ್ತದ."

ಗುರಮ್ಮ ಎಳೆದಳು, ಒತ್ತಿದಳು. ಬಸ್ಸುಗಳ ಹಾರ್ನು, ಬಾಳೆಹಣ್ಣಿನವನ ಕೂಗು ಎಲ್ಲಾ ಒಮ್ಮೆಲೇ ದೂರ ಹೋದವು.

ಮೊದಲು ಟೇಪಿನ ಸುಯ್ ಅನ್ನುವ ಸದ್ದು. ಯಾರೋ ಕೆಮ್ಮಿದರು. ಆಮೇಲೆ, ಇಷ್ಟು ಹತ್ತಿರದಲ್ಲಿ ಅವಳು ಎಂದೂ ಕೇಳದ ತಂತಿ. ಅದರ ಮೇಲೆ ಅವಳದೇ ನಲವತ್ತನಾಲ್ಕರ ಗಂಟಲು:

"ಮಣ್ಣೇ ಇಲ್ಲದೆ ಬೀಜ ಮೊಳೆವುದೆಲ್ಲಿ, ಹೇಳೋ ಜಾಣಾ..."

ಎಂಥ ದನಿ! ಗುರಮ್ಮ ಕಣ್ಣು ಮುಚ್ಚಿದಳು. ಹಿಂದೆ ತುಳಸಾಬಾಯಿಯ "ಜೀ" ಬಂತು, ಕಾಯಿಸಿದ ತುಪ್ಪದ ಹಾಗೆ. ಒಂದು ನುಡಿ ಹೋಯಿತು, ಎರಡನೆಯದು ಹೋಯಿತು. ಮೂರನೆಯ ನುಡಿಯಲ್ಲಿ ಅವಳು ಕಣ್ಣು ತೆರೆದಳು.

ಹಾಡು ಕಲಿಯದವರಿಗೆ ಅದು ತಿಳಿಯುತ್ತಿರಲಿಲ್ಲ. ಗುರಮ್ಮನಿಗೆ ತಿಳಿಯದಿರಲು ಸಾಧ್ಯವಿರಲಿಲ್ಲ. ತಂತಿ ಇದ್ದಲ್ಲೇ ಇತ್ತು. ಇಳಿಯುತ್ತಿದ್ದವಳು ಅವಳೇ. ದಣಿದ ಗಂಟಲು ಎಳೆ ಎಳೆಯಾಗಿ ಕೆಳಗೆ ಜಾರುತ್ತಿತ್ತು, ಮೇಲೆ ದಪ್ಪಿನ ಅಬ್ಬರ ಮಾತ್ರ ಜೋರು. ತುಳಸಾಬಾಯಿಯ "ಜೀ" ತಂತಿಯ ಮೇಲೆಯೇ ನಿಂತು ಅವಳನ್ನು ಎತ್ತಿ ತರಲು ನೋಡಿತು. ಮತ್ತೊಮ್ಮೆ ನೋಡಿತು. ಮೂರನೆಯ ಸಲ ಆ ದನಿ ತಂತಿಯನ್ನು ಬಿಟ್ಟು, ಗುರಮ್ಮ ಇಳಿದಲ್ಲಿಗೆ ತಾನೂ ಇಳಿದು ಬಂತು. ಆಮೇಲೆ ರೆಕಾರ್ಡರಿನ ಹತ್ತಿರದಲ್ಲೇ ಪಿಸುಮಾತು.

"ಮಾಳಿಂಗಪ್ಪಾ, ಬಿರಡಿ ತಿರುವು. ತಂತಿ ಇಳಸು. ಅಕ್ಕ ಇಳಿದಾಳ."

"ಇಳಸಿದ್ರ ನಿನ್ನ ಮ್ಯಾಲೆ ಬರ್ತದಲ್ಲ ತುಳಸವ್ವಾ."

"ಬರ್ಲಿ. ದಪ್ಪು ಅಕ್ಕನ ಕೈಯಾಗ ಉಳೀಲಿ. ಇಳಸಂದ್ರ ಇಳಸು."

ತಂತಿ ಒಮ್ಮೆ ನರಳಿ ಕೆಳಗಿಳಿದು ಗುರಮ್ಮನ ದನಿಗೆ ಬಂದು ಕೂತಿತು. ಜನ ಚಪ್ಪಾಳೆ ತಟ್ಟಿದರು. ಟೇಪಿನೊಳಗಿನ ಗುರಮ್ಮ ಏನೂ ತಿಳಿಯದೆ ಇನ್ನಷ್ಟು ಜೋರಾಗಿ ನಾಲ್ಕನೆಯ ನುಡಿ ಎತ್ತಿದಳು.

"ಹಿಂದ ಹಾಕು ತಮ್ಮಾ," ಎಂದಳು. ಫಯಾಜ ಹಿಂದಕ್ಕೆ ಹಾಕಿಕೊಟ್ಟ. ಮತ್ತೆ ಕೇಳಿದಳು. ಇನ್ನೊಮ್ಮೆ ಹಾಕು ಎಂದು ಕೈಯಿಂದ ತೋರಿಸಿದಳು.

"ಯಾಕ್ರಿ ಆಯಿ, ಸರಿ ಕೇಳವಲ್ದೇನ್ರಿ? ಬ್ಯಾರೆ ಕೊಡ್ಲೇನ್ರಿ?"

"ಬ್ಯಾಡಪ್ಪಾ. ಇದ ಇರ್ಲಿ. ಭಾಳ ಸ್ವಚ್ಛ ಕೇಳ್ತದ." ಸೆರಗಿನಿಂದ ಮುಖ ಒರೆಸಿಕೊಂಡಳು. ಚೌಕಾಶಿ ಮಾಡದೆ ರೊಕ್ಕ ಕೊಟ್ಟು ಎದ್ದವಳನ್ನು ನೋಡಿ ಫಯಾಜನಿಗೇ ಗಾಬರಿಯಾಯಿತು. ಆಟೋ ಕರೆಯಲೇ ಎಂದು ಕೇಳಿದ. ಅವಳಿಗೆ ಕೇಳಿಸಲಿಲ್ಲ, ಕಿವಿಯಿಂದ ಅವನ್ನು ತೆಗೆದಿರಲಿಲ್ಲ.

ಅಫಜಲಪುರದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಗುರಮ್ಮ ಅದನ್ನೇ ಕೇಳಿದಳು. ತೊಗರಿ ಹೊಲ ಹಿಂದೆ ಹೋಗುತ್ತಿತ್ತು, ಯಾವ ಊರು ಬಂತು ಯಾವುದು ಹೋಯಿತು ಗೊತ್ತಾಗಲಿಲ್ಲ. ಮೊದಲಿನ ಕೆಂಪು ವೈರಿನದನ್ನೇ ಕೊಂಡು ಬಂದಿದ್ದರೆ? ಅದೇ ದಪ್ಪು, ಅದೇ ಜಂಬ. ಉಸಿರಿಗೆ ಒದ್ದಾಡುವವಳ ಮುಂದೆ ಹೋಗಿ ಕೂತು "ತಪ್ಪಾತು ಅನ್ನು" ಎಂದು ಕೇಳುತ್ತಿದ್ದೆನಲ್ಲ, ಶಿವನೇ ಎಂದುಕೊಂಡಳು. ಪ್ರತಿ ಸಂತೆಯಲ್ಲೂ ಸಿಕ್ಕು "ಗಾಣಗಾಪುರಕ್ಕ ಒಮ್ಮೆ ಹೋಗಿ ಬಾರಬೇ" ಎನ್ನುತ್ತಿದ್ದ ಮಾಳಿಂಗಪ್ಪ ನೆನಪಾದ. ಅದಕ್ಕಿಂತ ಹೆಚ್ಚು ಅವನು ಎಂದೂ ಹೇಳಲಿಲ್ಲ. ತುಳಸಾಬಾಯಿ ಆಣೆ ಹಾಕಿಸಿದ್ದಿರಬೇಕು. "ಹೋಗು ಅನ್ನಾಕ ನೀ ಯಾರೋ?" ಎಂದು ಅವನ ಮೇಲೂ ಹರಿಹಾಯ್ದಿದ್ದಳು. ಕುಣಿಯಲಾರದವಳು ನೆಲ ಡೊಂಕು ಅಂದಳು. ಆ ಗಾದೆಯನ್ನು ಸಾವಿರ ಮಂದಿಯ ನಡುವೆ ತುಳಸಾಬಾಯಿಗೆ ಎಸೆದಿದ್ದಳು, ಇಪ್ಪತ್ತೆರಡು ವರ್ಷ ಸುತ್ತಿ ಅದು ಇವತ್ತು ಮನೆಗೆ ಬಂದಿತ್ತು. ನಾಚಿಕೆ ಅಂದರೆ ಏನು ಎಂದು ಗುರಮ್ಮನಿಗೆ ಅರವತ್ತಾರನೆಯ ವಯಸ್ಸಿನಲ್ಲಿ ತಿಳಿಯಿತು.

ಗಾಣಗಾಪುರ ಮುಟ್ಟುವಾಗ ಮಧ್ಯಾಹ್ನ. ಮಧುಕರಿಗೆ ಹೊರಟ ಭಕ್ತರು ಜೋಳಿಗೆ ಹಿಡಿದು ಮನೆ ಮನೆಯ ಮುಂದೆ ನಿಂತಿದ್ದರು. ಗುಡಿಯ ಹಾದಿಯಲ್ಲಿ ನೀತಾಳ ತೆಂಗಿನಕಾಯಿ ಅಂಗಡಿ, ಅದರ ಹಿಂದೆ ಒಂದೇ ಕೋಣೆಯ ಮನೆ. ನೀತಾ ಗಿರಾಕಿಗಳನ್ನು ಬಿಟ್ಟು ಎದ್ದು ಬಂದು ಗುರಮ್ಮನ ಕಾಲು ಮುಟ್ಟಿದಳು, ಒಳಗೆ ಕರೆದೊಯ್ದಳು.

ತುಳಸಾಬಾಯಿ ಮಂಚದ ಮೇಲೆ ಎರಡು ದಿಂಬಿಗೆ ಒರಗಿ ಕೂತಿದ್ದಳು. ಮೈಯಲ್ಲಿ ಏನೂ ಉಳಿದಿರಲಿಲ್ಲ. ಉಸಿರು ಎಳೆದಾಗಲೆಲ್ಲ ಎದೆಯೊಳಗೆ ಸಿಳ್ಳೆ ಹಾಕಿದಂತಾಗುತ್ತಿತ್ತು.

"ಬಂದ್ಯಾ ಅಕ್ಕಾ?" ಎಂದಳು, ಹೋದ ವಾರ ಕಂಡವಳಂತೆ.

ಗುರಮ್ಮ ಫೋನು ತೆಗೆದಳು, ವೈರು ಬಿಡಿಸಿದಳು, ಒಂದು ತುದಿಯನ್ನು ತುಳಸಾಬಾಯಿಯ ಕಿವಿಯ ಹತ್ತಿರ ಒಯ್ದಳು.

"ಏನದು?"

"ಜೇವರ್ಗಿದು. ಮಾಳಿಂಗಪ್ಪನ ಕ್ಯಾಸೆಟ್. ಕೇಳು."

ತುಳಸಾಬಾಯಿ ಆ ಕೈಯನ್ನು ಮೆಲ್ಲಗೆ ಆಚೆ ಸರಿಸಿದಳು. "ನನಗ್ಯಾಕ ಕೇಳಸ್ತಿ? ನಾ ಅಲ್ಲೇ ಇದ್ನೆಲ್ಲ ಅಕ್ಕಾ."

ಗುರಮ್ಮ ಮಂಚದ ಅಂಚಿಗೆ ಕುಸಿದು ಕೂತಳು. "ತಪ್ಪಾತು ತುಳಸಾ," ಎಂದಳು. ತಾನು ಇಷ್ಟು ವರ್ಷ ಕೇಳಬಯಸಿದ ಮಾತನ್ನು ತಾನೇ ಆಡಿ, ಮಗುವಿನ ಹಾಗೆ ಅತ್ತಳು. "ತಪ್ಪಾತು. ಯಾಕ ಹೇಳ್ಲಿಲ್ಲ ನೀ? ಅಲ್ಲೇ ಒಂದ ಮಾತು ಹೇಳಿದ್ರ..."

"ಹೇಳಿದ್ರ ನೀ ದಪ್ಪು ಕೆಳಗ ಇಡ್ತಿದ್ದಿ. ಒಂದು ವರ್ಷ ಅಲ್ಲ, ಸಾಯೂತನಕ ಮುಟ್ತಿದ್ದಿಲ್ಲ. ನಿನ್ನ ಹಟ ನನಗ ಗೊತ್ತಿಲ್ಲೇನು?" ಅಷ್ಟು ಹೇಳುವುದಕ್ಕೆ ಎರಡು ಸಲ ನಿಲ್ಲಬೇಕಾಯಿತು. "ನೀ ಹಾಡಬೇಕು ಅಂತ ಮಾಡಿದ್ದು. ನೀ ಬೈದದ್ದು ಭಾಳ ಬ್ಯಾನಿ ಆತು, ಸುಳ್ಳು ಯಾಕ ಹೇಳ್ಲಿ? ಆದ್ರ ನೀ ಹಾಡಾಕತ್ತಿ ಅನ್ನೂ ಸಮಾಧಾನ ಇತ್ತು. ನಾ ಹೋದ ಮ್ಯಾಲೆ ಎಷ್ಟು ವರ್ಷ ಹಾಡಿದಿ?"

ಗುರಮ್ಮನಿಗೆ ಸುಳ್ಳು ಹೇಳಬೇಕೆನಿಸಿತು. ಬಾಯಿ ಬರಲಿಲ್ಲ. "ಎರಡು," ಎಂದಳು.

"ಎರಡಽ?"

"ಮೂರು ಮಂದಿ ಹಿಮ್ಮೇಳ ತಂದೆ. ಯಾರೂ ಹೊಂದಲಿಲ್ಲ. ದನಿ ತಗ್ಗಿದಾಗ ಹಿಡಿಯಾಕ ಯಾರೂ ಇದ್ದಿಲ್ಲ. ಅಫಜಲಪುರದಾಗ ಮಂದಿ ನಕ್ರು. ಅಲ್ಲೇ ದಪ್ಪು ಬಿಟ್ಟೆ."

ತುಳಸಾಬಾಯಿ ಬಾಗಿಲ ಕಡೆ ತಿರುಗಿದಳು. ಹೊರಗೆ ನೀತಾ ಯಾರಿಗೋ ಕಾಯಿಯ ರೇಟು ಹೇಳುತ್ತಿದ್ದಳು. "ಮಾಳಿಂಗಪ್ಪ ಬಂದಾಗೊಮ್ಮೆ ಕೇಳ್ತಿದ್ದೆ," ಎಂದಳು. "'ಹಾಡಾಕತ್ತಾಳ, ಹುಲಿ ಹಂಗ ಹಾಡಾಕತ್ತಾಳ' ಅಂತಿದ್ದ. ಸುಳ್ಳಬುರುಕ. ಹೋಗ್ಲಿ ಬಿಡು. ಅವನೂ ನನ್ನ ಸಲುವಾಗಿ ತಂತಿ ಇಳಸಿದ."

ತುಳಸಾಬಾಯಿ ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು ಎಂದು ಗುರಮ್ಮನಿಗೆ ಅನಿಸಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆಡಿದ ಒಂದೇ ಮಾತಿನಲ್ಲಿ ಅವಳು ತನ್ನ ಹಾಡನ್ನೂ ತುಳಸಾಬಾಯಿಯ ಹಾಡನ್ನೂ ಒಡೆದಿದ್ದಳು. ಇವಳು ಮೈಮೇಲೆ ತಪ್ಪು ಹೊತ್ತು ಉಳಿಸಿಕೊಟ್ಟದ್ದನ್ನು ಎರಡೇ ವರ್ಷದಲ್ಲಿ ಹಾಳು ಮಾಡಿದ್ದಳು. ಇದನ್ನು ಯಾವ ಪಂಚರ ಮುಂದೆ ಹೇಳುವುದು?

"ನೀ ಒಂದು ಸಾಲು ಅನ್ನು ತುಳಸಾ," ಎಂದಳು. "ನೀ ಮುಂದ ಹಾಡು. ಇವತ್ತು ನಾ ಹಿಂದ ನಿಂದರ್ತೇನಿ."

"ಹುಚ್ಚಿ, ನನಗೆಲ್ಲಿ ಉಸಿರದ?"

"ಇದ್ದಷ್ಟು."

ತುಳಸಾಬಾಯಿ ನಕ್ಕಳು. ದಿಂಬಿನ ಮೇಲೆ ಸ್ವಲ್ಪ ಏರಿ ಕೂತು, "ಮಣ್ಣೇ ಇಲ್ಲದೆ..." ಎಂದು ಎತ್ತಿದಳು. ಹಾಡು ಅನ್ನುವುದಕ್ಕಿಂತ ಅದು ಉಸಿರೇ ಹೆಚ್ಚು. ದನಿ ಎಲ್ಲೋ ಕೆಳಗೆ ನೆಲಕ್ಕೆ ಹತ್ತಿ ಹರಿಯುತ್ತಿತ್ತು. ಸಾಲು ಮುಗಿದಲ್ಲಿ ಗುರಮ್ಮ "ಜೀ" ಎಂದಳು. ಅದು ತುಳಸಾಬಾಯಿಯ ದನಿಯ ಮೇಲೆ ಹಾರಿ ಕೋಣೆಯ ತುಂಬ ಕೂತಿತು. ಎರಡನೆಯ ಸಲ ಹತ್ತಿಕ್ಕಿಕೊಂಡು ಇಳಿಯಲು ನೋಡಿದಳು. ಗಂಟಲು ತಾನೇ ಮುಂದೆ ಮುಂದೆ ಓಡಿತು. ಜೀವಮಾನವಿಡೀ ಮುಂದೆ ನಿಂತವಳಿಗೆ ಇನ್ನೊಬ್ಬಳು ಇಳಿದಲ್ಲಿಗೆ ಇಳಿಯುವ ದಾರಿಯೇ ಗೊತ್ತಿರಲಿಲ್ಲ.

ತುಳಸಾಬಾಯಿಗೆ ನಗುವಿನ ಜೊತೆ ಕೆಮ್ಮು ಬಂತು. ಕೆಮ್ಮು ನಿಂತ ಮೇಲೆ ಗುರಮ್ಮನ ಕೈಯನ್ನು ತಟ್ಟಿದಳು. "ಬಿಡು ಅಕ್ಕಾ. ಅದು ಒಂದಿನಕ್ಕ ಬರೂದಲ್ಲ."

ಗುರಮ್ಮ ಎದ್ದು ಮಂಚವನ್ನು ಸುತ್ತಿ ಆಚೆಯ ಬದಿಗೆ ಬಂದಳು. ತಲೆಯ ಸೆರಗು ಸರಿಸಿ, ಎಡಗಿವಿಯನ್ನು ತುಳಸಾಬಾಯಿಯ ಬಾಯಿಯ ಹತ್ತಿರ ತಂದು ಕೂತಳು.

"ಇನ್ನೊಮ್ಮೆ ಅನ್ನು," ಎಂದಳು.

ಅದಕ್ಕೆ ಬೇಕಾದ ಉಸಿರು ಎಳೆದುಕೊಳ್ಳಲು ತುಳಸಾಬಾಯಿಗೆ ಬಹಳ ಹೊತ್ತು ಹಿಡಿಯಿತು. ಗುರಮ್ಮ ಕಾದಳು.